ರಫಿಯಾ ಮೇಡಂಗೆ ನಾನು ಬರೆದುಕೊಟ್ಟ ಸರ್ಟಿಫಿಕೇಟು

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸೇಡಂನಲ್ಲಿ ಸರ್ಕಾರಿ ವೈದ್ಯಾಧಿಕಾರಿಯಾಗಿ ನನಗದು ಎರಡನೆಯ ವರ್ಷ. ಒಂದು ಬೆಳಿಗ್ಗೆ ಹೊರರೋಗಿಗಳ ಸಾಲು ಇನ್ನೂ ಅರ್ಧ ಕರಗಿರಲಿಲ್ಲ. ಕಾಲೇಜಿನ ಕನ್ನಡ ಅಧ್ಯಾಪಕಿ ರಫಿಯಾ ಬೇಗಂ ಅವರನ್ನು ಜೀಪಿನಲ್ಲಿ ಕರೆತಂದರು. ಸ್ಟಾಫ್ ರೂಮಿನಲ್ಲಿ ಕುಳಿತಲ್ಲೇ ಕುಸಿದಿದ್ದರಂತೆ. ವಯಸ್ಸು ಮೂವತ್ತೆಂಟು. ರಕ್ತದೊತ್ತಡ 210/130. ಬಲಗೈ, ಬಲಗಾಲು ಸೋತು ಬಾಯಿ ಒಂದು ಕಡೆ ವಾಲಿತ್ತು.

ಅವರ ಮುಖ ನೋಡಿದ್ದು ಅಂದೇ ಮೊದಲಾದರೂ ಪುಸ್ತಕಗಳ ಮೂಲಕ ನಾನು ಅವರನ್ನು ಬಲ್ಲೆ. ಎರಡು ಕವನ ಸಂಕಲನ, ಶಹಾಬಾದಿನ ಕಲ್ಲುಗಣಿಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಒಂದು ಕಾದಂಬರಿ. ಆ ಕಾದಂಬರಿಯನ್ನು ವಾಡಿ ಜಂಕ್ಷನ್ನಿನಲ್ಲಿ ತಡವಾದ ರೈಲಿಗೆ ಕಾಯುತ್ತ ಓದಿದ್ದೆ. ಕೊನೆಗೆ ರೈಲು ಬಂದಾಗ ಇಷ್ಟು ಬೇಗ ಯಾಕೆ ಬಂತೋ ಅನ್ನಿಸಿತ್ತು.

ಮೂರನೆಯ ದಿನ ಅವರು ಬಾಯಿಬಿಟ್ಟರು. ಪಕ್ಕದಲ್ಲಿದ್ದ ಅಕ್ಕ ಹಲೀಮಾ ಅವರತ್ತ ತಿರುಗಿ, "ಆಪಾ, ಪಾನಿ," ಎಂದರು. ನೀರು ಕೇಳಿದ್ದರು. ಮಾತು ಬಂತಲ್ಲ, ಇನ್ನು ಭಯವಿಲ್ಲ ಎಂದು ನಾನು ಹಲೀಮಾ ಅವರಿಗೆ ಧೈರ್ಯ ಹೇಳಿದೆ. ಆದರೆ ಐದನೆಯ ದಿನ ಕನ್ನಡದಲ್ಲಿ ಹೆಸರು ಕೇಳಿದರೆ ಉತ್ತರವಿಲ್ಲ. ಕೇಳಿದ್ದೆಲ್ಲ ತಿಳಿಯುತ್ತಿತ್ತು. ಕೈ ಎತ್ತಿ ಎಂದರೆ ಎತ್ತುತ್ತಿದ್ದರು. ಜೇಬಿನ ಪೆನ್ನು ತೋರಿಸಿದೆ. "ಖಲಮ್," ಎಂದರು. ಕನ್ನಡದಲ್ಲಿ ಏನನ್ನುತ್ತಾರೆ ಎಂದೆ. ತುಟಿಗಳು ಬಹಳ ಹೊತ್ತು ಅಲುಗಾಡಿದವು. ಆಮೇಲೆ ಎಡಗೈಯಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಇದಕ್ಕೆ ಅಫೇಸಿಯಾ ಎನ್ನುತ್ತೇವೆ. ಮಿದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತಾಗ ಭಾಷೆಯ ಶಕ್ತಿಗೇ ಪೆಟ್ಟು ಬೀಳುತ್ತದೆ. ಎರಡು ಭಾಷೆ ಬಲ್ಲವರಲ್ಲಿ ಕೆಲವೊಮ್ಮೆ ತಾಯಿಮಾತು ಮೊದಲು ಮರಳುತ್ತದೆ, ಆಮೇಲೆ ಕಲಿತದ್ದು ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಅವರನ್ನು ಹೈದರಾಬಾದಿಗೆ ಕಳಿಸಿದೆ. ಅಲ್ಲಿಯ ತಜ್ಞರೂ ಅದನ್ನೇ ಹೇಳಿ ನಮ್ಮ ಆಸ್ಪತ್ರೆಗೇ ಹಿಂದಕ್ಕೆ ಕಳಿಸಿದರು.

ವಾರ್ಡಿನ ಬೆಂಚಿನ ಮೇಲೆ ಕುಳಿತು ಹಲೀಮಾ ತಂಗಿಯ ಕಥೆ ಹೇಳಿದರು. ಊರು ಚಿಂಚೋಳಿ ತಾಲ್ಲೂಕಿನ ಐನಾಪುರ. ಮನೆಮಾತು ದಖನಿ, ಅಂದರೆ ಈ ಕಡೆಯ ಆಡುಮಾತಿನ ಉರ್ದು; ಓದಿದ್ದು ಉರ್ದು ಶಾಲೆಯಲ್ಲಿ. ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದಾಗ ಶಾಲೆ ಕನ್ನಡಕ್ಕೆ ತಿರುಗಿತು.

"ಏಳನೇ ಕ್ಲಾಸಿನ ಹುಡುಗಿ ಒಂದನೇ ಕ್ಲಾಸಿನ ಕೂಸುಗಳ ಜೋಡಿ ಕುಂತು ಅ ಆ ಕಲತಾಳ್ರಿ," ಎಂದರು ಹಲೀಮಾ. "ಮಂದಿ ನಕ್ರು. ಆಕಿ ಏಳಲಿಲ್ಲ."

ಹಾಗೆ ಕಲಿತವರು ಧಾರವಾಡಕ್ಕೆ ಹೋಗಿ ಕನ್ನಡದಲ್ಲೇ ಎಂ.ಎ. ಮಾಡಿದರು. ಮದುವೆಯ ಮಾತು ಬಂದಾಗಲೆಲ್ಲ ಈ ಪುಸ್ತಕ ಮುಗಿಯಲಿ ಎನ್ನುತ್ತಿದ್ದರಂತೆ. ಕುಂಚಾವರಂ ಕಾಡಂಚಿನ ಹೆಂಗಸರ ಕುರಿತ ಎರಡನೆಯ ಕಾದಂಬರಿ ಅರ್ಧಕ್ಕೆ ನಿಂತಿತ್ತು.

ಮೂರು ತಿಂಗಳಲ್ಲಿ ಕಾಲು ಸುಧಾರಿಸಿತು. ಕನ್ನಡ ಬಿಡಿಬಿಡಿ ಪದಗಳಾಗಿ ಅಷ್ಟಿಷ್ಟು ಬಂತು. ಅಷ್ಟರಲ್ಲಿ ಅವರ ರಜೆ ಮುಗಿಯಿತು. ಕೆಲಸಕ್ಕೆ ಮರಳಲು ನನ್ನ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಿತ್ತು. ಅಕ್ಕತಂಗಿಯರು ಬಂದು ಎದುರು ಕುಳಿತರು.

"ಕ್ಲಾಸಿನಾಗ ನಿಂತ್ರ ಮಾತು ತಾನ ಬರ್ತದ ಅಂತಾಳ್ರಿ, ಡಾಕ್ಟರಮ್ಮ. ಬರಕೊಡ್ರಿ," ಎಂದರು ಹಲೀಮಾ.

ರಫಿಯಾ ಮೇಜಿನ ಅಂಚು ಹಿಡಿದು, "ನನ್ನ... ಕ್ಲಾಸು," ಎಂದರು.

ಬಿ.ಪಿ. ನೋಡಿದೆ, ನಡೆಸಿ ನೋಡಿದೆ. ಮಾತನ್ನು ಮಾತ್ರ ಪರೀಕ್ಷಿಸಲಿಲ್ಲ. ಫಲಿತಾಂಶ ನನಗೆ ಗೊತ್ತಿತ್ತು. ಅವರ ಮುಖಕ್ಕೆ ಮುಖ ಕೊಟ್ಟು ಅದನ್ನು ಹೇಳಲಾರದೆ 'ಕರ್ತವ್ಯಕ್ಕೆ ಅರ್ಹರು' ಎಂದು ಬರೆದು ಸಹಿ ಹಾಕಿದೆ. ಬಾಗಿಲಲ್ಲಿ ಅವರು ಹಿಂತಿರುಗಿ ನಕ್ಕರು. ಮರುಕವನ್ನು ಔದಾರ್ಯವೆಂದುಕೊಂಡು ನಾನೂ ನಕ್ಕೆ.

ಸೋಮವಾರ ಮಧ್ಯಾಹ್ನ ಪ್ರಿನ್ಸಿಪಾಲರು ಹೇಳಿಕಳಿಸಿದರು. ನಡೆದದ್ದನ್ನು ಅವರ ಬಾಯಿಂದಲೇ ಕೇಳಿದೆ. ಬಿ.ಎ. ತರಗತಿಗೆ ಹೋದ ರಫಿಯಾ ಎಡಗೈಯಿಂದ ಬೋರ್ಡಿನ ಮೇಲೆ ಪಾಠದ ಹೆಸರು ಬರೆದರು. ಮೊದಲ ವಾಕ್ಯ ಸರಿಯಾಗಿಯೇ ಬಂತು. ಎರಡನೆಯದರಲ್ಲಿ ದಖನಿ ಪದಗಳು ನುಗ್ಗಿದವು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವರು ಪುಸ್ತಕ ಮುಚ್ಚಿ ಸುಮ್ಮನೆ ನಿಂತುಬಿಟ್ಟರು. ನಕ್ಕವರೂ ಸೇರಿ ಯಾರೂ ಎದ್ದುಹೋಗಲಿಲ್ಲ. ಗಂಟೆ ಬಾರಿಸುವವರೆಗೆ, ನಲವತ್ತೈದು ನಿಮಿಷ, ಅವರು ನಿಂತೇ ಇದ್ದರು.

ನಾನು ಹೋದಾಗ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕುಳಿತಿದ್ದರು. ಕೈ ಹಿಡಿಯಲು ಹೋದೆ. ಮೆಲ್ಲಗೆ ಬಿಡಿಸಿಕೊಂಡರು. ಒಂದೊಂದೇ ಪದ ಹುಡುಕಿ ಹೇಳಿದರು:

"ನೀವು... ಸುಳ್ಳು... ಬರದ್ರಿ."

ಮೂರು ತಿಂಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಪೂರ್ಣ ಕನ್ನಡ ವಾಕ್ಯ ಅದು. ಆ ವಾರವೇ ರಾಜೀನಾಮೆ ಕೊಟ್ಟು ಐನಾಪುರಕ್ಕೆ ಹೊರಟುಹೋದರು.

ಎರಡು ವರ್ಷದ ನಂತರ ಅದೇ ತಾಲ್ಲೂಕಿನ ಚಂದಾಪುರದ ವೈದ್ಯಕೀಯ ಶಿಬಿರವೊಂದಕ್ಕೆ ಹೋದವಳು ಧೈರ್ಯ ಮಾಡಿ ಅವರ ಮನೆಗೆ ಹೋದೆ. "ಬರ್ರಿ, ಕುಂದ್ರಿ," ಎಂದು ಹಲೀಮಾ ಚಹಾ ಕೊಟ್ಟರು. ರಫಿಯಾ ಅರ್ಧವಾದ ಕಾದಂಬರಿಯ ಹಾಳೆಗಳನ್ನು ನನ್ನ ತೊಡೆಯ ಮೇಲಿಟ್ಟು ಓದಿರೆಂದು ಸನ್ನೆ ಮಾಡಿದರು. ಓದಿದೆ. ಕಣ್ಣು ಮುಚ್ಚಿ ಕೇಳಿದರು. ಬರಹ ನಿಂತಲ್ಲಿಗೆ ಬಂದಾಗ ಮುಂದಿನ ಕಥೆಯನ್ನು ದಖನಿಯಲ್ಲಿ, ತಡೆಯಿಲ್ಲದೆ, ಕೊನೆಯವರೆಗೂ ಹೇಳಿದರು. ಕಲಬುರಗಿಯಲ್ಲಿ ಬೆಳೆದ ನನಗೆ ಪ್ರತಿ ಮಾತೂ ಅರ್ಥವಾಯಿತು. ನಾನಿದನ್ನು ಕನ್ನಡದಲ್ಲಿ ಬರೆದುಕೊಳ್ಳಲೇ ಎಂದು ಕೇಳಿದೆ.

ಅವರು ನನ್ನ ತೊಡೆಯ ಮೇಲಿದ್ದ ಹಾಳೆಗಳನ್ನು ತೆಗೆದುಕೊಂಡರು. "ಬ್ಯಾಡ್ರಿ," ಎಂದರು. "ಅದು... ನಿಮ್ಮ ಕನ್ನಡ... ನಂದಲ್ಲ."

ಮರುವರ್ಷ ಎರಡನೆಯ ಬಾರಿ ಪಾರ್ಶ್ವವಾಯು ಬಡಿದು ತೀರಿಕೊಂಡರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಕಾದಂಬರಿ ಹಾಗೆಯೇ ಉಳಿಯಿತು. ಅದರ ಕೊನೆ ನನಗೆ ಗೊತ್ತು, ಹಲೀಮಾ ಅವರಿಗೆ ಗೊತ್ತಿತ್ತು. ನಾನು ಯಾರಿಗೂ ಹೇಳಿಲ್ಲ.

ಆಮೇಲೆ ಇಪ್ಪತ್ತೆರಡು ವರ್ಷ ಸೇವೆಯಲ್ಲಿದ್ದೆ. ನೂರಾರು ಸರ್ಟಿಫಿಕೇಟುಗಳಿಗೆ ಸಹಿ ಹಾಕುವ ಮೊದಲು, ಏನು ಬರೆಯಲಿದ್ದೇನೆ ಎಂಬುದನ್ನು ರೋಗಿಯ ಎದುರು ಕುಳಿತು ಬಾಯಿಬಿಟ್ಟು ಹೇಳಿದ್ದೇನೆ. ಕೆಲವರು ಬೈದಿದ್ದಾರೆ, ಕೆಲವರು ಅತ್ತಿದ್ದಾರೆ. ಕಠಿಣ ಮಾತನ್ನು ತಾಳಿಕೊಳ್ಳುವ ಶಕ್ತಿ ರೋಗಿಗಿಲ್ಲ ಎಂದು ವೈದ್ಯರು ಅಂದುಕೊಳ್ಳುತ್ತೇವೆ. ಅನೇಕ ಸಲ ಅದನ್ನು ಆಡುವ ಶಕ್ತಿ ಇಲ್ಲದವರು ನಾವೇ. ಅಂದು ನನ್ನ ಕೋಣೆಯಲ್ಲಿ ನಾನು ಐದು ನಿಮಿಷ ಸತ್ಯ ಹೇಳಿದ್ದರೆ, ಅವರು ಇಡೀ ತರಗತಿಯ ಎದುರು ಹಾಗೆ ನಿಲ್ಲಬೇಕಾಗುತ್ತಿರಲಿಲ್ಲ.