ಕಾಗದ ಎಳೆಯದ ಪ್ರಿಂಟರ್, ಅತ್ತೆಯ ಸೋಬಾನೆ

ಅತ್ತೆಯ ಗಂಟಲಿನ ಆಪರೇಷನ್ ಬುಧವಾರಕ್ಕೆ ಗೊತ್ತಾಗಿತ್ತು. ಆಮೇಲೆ ಮೂರು ವಾರ ಮಾತಾಡಬಾರದು, ಹಾಡುವುದಂತೂ ಬೇಡವೇ ಬೇಡ ಅಂದಿದ್ದರು ಡಾಕ್ಟರು. ಆ ಮೂರು ವಾರದ ನಡುವೆಯೇ ಪೆರಿಕಲ್ಲೂರಿನಲ್ಲಿ ಅತ್ತೆಯ ಮೊಮ್ಮಗಳ ಮದುವೆ. ನಮ್ಮ ಪೈಕಿ ಸೋಬಾನೆ ಪದಗಳನ್ನು ಪೂರ್ತಿ ಬಲ್ಲವರು ಅತ್ತೆ ಒಬ್ಬರೇ. ಉಳಿದ ಹೆಂಗಸರು ಅವರು ಎತ್ತಿಕೊಟ್ಟ ಸಾಲನ್ನು ಹಿಂದಿನಿಂದ ಹೇಳುವವರು.

ಸೋಮವಾರ ಅವರು ಪುಲ್ಪಳ್ಳಿಯ ನಮ್ಮ ಮನೆಗೆ ಬಂದು, ಒಡೆದ ದನಿಯಲ್ಲೇ ಹದಿನಾಲ್ಕು ಪದ ಹೇಳಿದರು. ನಾನು ಟೈಪ್ ಮಾಡಿಕೊಂಡೆ. ಮಾತು ಕನ್ನಡ, ಅಕ್ಷರ ಮಲಯಾಳ. ಮನೆಯಲ್ಲಿ ಆಡುವುದು ಕನ್ನಡವಾದರೂ ನಮ್ಮ ಹೆಂಗಸರು ಶಾಲೆಯಲ್ಲಿ ಓದಲು ಕಲಿತದ್ದು ಮಲಯಾಳವನ್ನೇ.

ಮರುದಿನ ಬೆಳಿಗ್ಗೆ ಪ್ರಿಂಟ್ ಕೊಟ್ಟೆ. ಲೇಸರ್ ಪ್ರಿಂಟರು ಮೂರು ಹಾಳೆಯನ್ನು ಒಟ್ಟಿಗೆ ಎಳೆದುಕೊಂಡು ನಿಂತುಬಿಟ್ಟಿತು. ಹಿಂದಿನ ಬಾಗಿಲು ತೆಗೆದು, ಹರಿಯದ ಹಾಗೆ ಎರಡೂ ಕೈಯಲ್ಲಿ ಮೆಲ್ಲಗೆ ಎಳೆದೆ. ಮತ್ತೆ ಕೊಟ್ಟೆ. ಮತ್ತೆ ಅದೇ.

ಅತ್ತೆ ಟ್ರೇಯಿಂದ ಒಂದು ಹಾಳೆ ತೆಗೆದು ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದರು. "ಇದು ತಂಡಿ ಹಿಡಿದಿದೆ ಮಗಾ. ಒಣಗದ ಮೆಣಸು ಹೀಗೇ ಕೈಗೆ ಹತ್ತೋದು."

ಮಲಯಾಳದ ಚಿಂಗಂ ತಿಂಗಳು ಬಂದರೂ ಮಳೆ ಬಿಟ್ಟಿರಲಿಲ್ಲ. ಕಾಗದದ ಕಟ್ಟು ತಿಂಗಳಿಂದ ಬಾಯಿ ತೆರೆದುಕೊಂಡೇ ಬಿದ್ದಿತ್ತು. ನಾನು ಫೋನಿನಲ್ಲಿ ಉಪಾಯ ಹುಡುಕುವಷ್ಟರಲ್ಲಿ ಅತ್ತೆ ಹಾಳೆಗಳನ್ನು ಒಲೆಯ ಪಕ್ಕ ಹರಡಿಯಾಗಿತ್ತು. ಅವು ಒಣಗಿದವು, ಜೊತೆಗೆ ಹಪ್ಪಳದ ಹಾಗೆ ಸೊಟ್ಟಗಾದವು. ಹಾಕಿದ ಮೊದಲನೆಯದೇ ಒಳಗೆ ಮಡಚಿಕೊಂಡಿತು.

"ನಾನೇ ಕೆಡಿಸಿದೆ," ಅಂದರು ಅತ್ತೆ.

"ಇಲ್ಲ ಅತ್ತೆ, ಅದು ಮೊದಲೇ ಕೆಟ್ಟಿತ್ತು."

ಅಲ್ಮೇರಾದಲ್ಲಿದ್ದ ಹೊಸ ಕಟ್ಟು ಒಡೆದು, ಅಂಚು ಬಡಿದು ಸಮ ಮಾಡಿ ಹಾಕಿದೆ. ಈಗ ಒಂದು ಹಾಳೆಯೂ ಹೋಗಲಿಲ್ಲ. ರೋಲರು ಸುಮ್ಮನೆ ತಿರುಗುವ ಸದ್ದು ಮಾತ್ರ. ಸ್ವಿಚ್ ಆರಿಸಿ, ಟ್ರೇ ಪೂರ್ತಿ ಹೊರಗೆಳೆದು, ಟಾರ್ಚ್ ಬಿಟ್ಟು ನೋಡಿದೆ. ಹಾಳೆ ಎಳೆಯುವ ರಬ್ಬರಿನ ಮೇಲೆ ಕಾಗದದ ಪುಡಿ ಕೂತು, ಅದು ಗಾಜಿನ ಹಾಗೆ ನುಣ್ಣಗಾಗಿತ್ತು. ಒದ್ದೆ ಬಟ್ಟೆಯಿಂದ ಸುತ್ತಲೂ ಒರೆಸಿ ಆರಲು ಬಿಟ್ಟೆ. ಅಷ್ಟು ಹೊತ್ತು ಅತ್ತೆಗೆ ಪದಗಳನ್ನು ಓದಿ ಹೇಳಿದೆ. ಅವರಿಗೆ ಯಾವ ಅಕ್ಷರವೂ ಬರುವುದಿಲ್ಲ. ಕಣ್ಣು ಮುಚ್ಚಿ ಕೇಳಿ, ನಾನು ಬಿಟ್ಟಿದ್ದ ಎರಡು ಸಾಲು ಸೇರಿಸಿದರು.

ಆಮೇಲೆ ಹಾಳೆಗಳು ಒಂದೊಂದಾಗಿ ಬಂದವು. ಅತ್ತೆ ಪ್ರತಿಯೊಂದನ್ನೂ ಬಿಸಿಬಿಸಿಯಾಗಿಯೇ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಮಧ್ಯಾಹ್ನದ ಬಸ್ಸಿನಲ್ಲಿ ಬತ್ತೇರಿಯ ಆಸ್ಪತ್ರೆಗೆ ಹೋದೆವು.

ಮದುವೆಯ ದಿನ ಹೆಂಗಸರು ಹಾಳೆ ಹಿಡಿದು ಹಾಡಿದರು. ನಾಲ್ಕು ಪದ ಸರಿಯಾಗಿಯೇ ಹೋಯಿತು. ಐದನೆಯದರಲ್ಲಿ ಎಲ್ಲರೂ ಓದತೊಡಗಿದರು, ಧಾಟಿ ತಪ್ಪಿತು. ಕುರ್ಚಿಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದು, ಮುಂದೆ ಕೂತಿದ್ದವಳ ಕೈಯಿಂದ ಹಾಳೆ ತೆಗೆದು ಎಲೆ ಅಡಿಕೆ ತಟ್ಟೆಯ ಕೆಳಗಿಟ್ಟರು. ತಮ್ಮ ಅಂಗೈಯ ಮೇಲೆ ತಾಳ ಹಾಕಿದರು. ಎರಡು ಸಾಲು ತಡವರಿಸಿ, ಮೂರನೆಯದಕ್ಕೆ ಹಾಡು ದಾರಿಗೆ ಬಂತು.

ಈಗ ಅತ್ತೆಯ ದನಿ ವಾಪಸು ಬಂದಿದೆ, ಮೊದಲಿಗಿಂತ ತುಸು ತಗ್ಗಿನಲ್ಲಿ.