ಲಲಿತಮ್ಮನವರಿಗೆ ಕೊಟ್ಟ ಮಾತು

ಅದು 2022ರ ಜೂನ್ ತಿಂಗಳು. ಹದಿನೆಂಟು ವರ್ಷ ಚಾಮರಾಜನಗರದ ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡಿದ್ದ ನನಗೆ ಬಡ್ತಿ ಬಂತು, ಅದರ ಜೊತೆಗೇ ಬೆಂಗಳೂರಿನ ಜಯನಗರಕ್ಕೆ ವರ್ಗವೂ ಆಯಿತು. ಮಗಳು ಎಸ್ಸೆಸ್ಸೆಲ್ಸಿ, ಯಜಮಾನರದು ಊರಿನಲ್ಲೇ ಔಷಧಿ ಅಂಗಡಿ. ಹಾಗಾಗಿ ನಾನೊಬ್ಬಳೇ ಸೂಟ್‌ಕೇಸ್ ಹಿಡಿದು ಬಂದೆ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ, ಮಗಳಿಗಿಂತ ಆರೇಳು ವರ್ಷ ದೊಡ್ಡವರಾದ ಹುಡುಗಿಯರ ನಡುವೆ ಒಂದು ಮಂಚ ಹಿಡಿದೆ. ರೂಮಿನಲ್ಲಿ ಒಲೆ ಇಡುವಂತಿಲ್ಲ, ನೀರು ಕಾಯಿಸುವ ಕೆಟಲ್ ಕೂಡ ಕೂಡದು ಎಂದು ಗೋಡೆಗೆ ಚೀಟಿ ಅಂಟಿಸಿದ್ದರು.

ಊಟದ ವಿಷಯದಲ್ಲಿ ನಾನು ಜಗಳಗಂಟಿ. ಹಾಳಾದ್ದು ನನ್ನ ಮೂಗು ಬೇರೆ ಬಲು ಚುರುಕು. ಮೊಸರು ನಿನ್ನೆಯದೋ ಮೊನ್ನೆಯದೋ ಎಂದು ಮುಚ್ಚಳ ತೆಗೆಯುವ ಮುಂಚೆಯೇ ಹೇಳಿಬಿಡುತ್ತೇನೆ. "ಇವಳನ್ನ ಪೊಲೀಸ್ ನಾಯಿ ಜೊತೆ ಕೆಲಸಕ್ಕೆ ಹಾಕ್ಬೇಕಿತ್ತು" ಎಂದು ಯಜಮಾನರು ರೇಗಿಸುತ್ತಿದ್ದರು. ಇಂಥ ಮೂಗು ಹೊತ್ತುಕೊಂಡು ಬೆಂಗಳೂರಿನಲ್ಲಿ ಹೋಟೆಲ್ ಹುಡುಕುವುದೆಂದರೆ ಶಿಕ್ಷೆಯೇ. ಒಂದು ಕಡೆ ಸಾಂಬಾರು ಪಾಯಸದ ಹಾಗೆ ಸಿಹಿ. ಇನ್ನೊಂದು ಕಡೆ ಇಡ್ಲಿಗೆ ಸೋಡಾ ಸುರಿದು ಉಬ್ಬಿಸಿದ್ದರು. ಮೊಬೈಲಿನಲ್ಲಿ ನಾಲ್ಕೂವರೆ ಸ್ಟಾರ್ ನೋಡಿ ತರಿಸಿದ ಪಲಾವ್ ಪೂರ್ತಿ ಪ್ಲಾಸ್ಟಿಕ್ ಡಬ್ಬಿಯ ವಾಸನೆ. ಬನಶಂಕರಿಯಲ್ಲಿ ಒಂದು ಕಡೆ ದೋಸೆ ಚೆನ್ನಾಗಿತ್ತು, ಆದರೆ ಬೆಳಿಗ್ಗೆ ಎರಡು ಬಸ್ ಹತ್ತಿ ದೋಸೆ ತಿಂದು ಬ್ಯಾಂಕಿಗೆ ಹೋಗಲಾಗುತ್ತದೆಯೇ? ಒಂದೂವರೆ ತಿಂಗಳಿಗೆ ನಾಲ್ಕು ಕೆಜಿ ಇಳಿದೆ. ಹೊಟ್ಟೆಯುರಿಗೆ ದಿನಾ ಮಾತ್ರೆ. ಸಂಜೆ ರೂಮಿನಲ್ಲಿ ಕೂತು ಬ್ರೆಡ್ಡಿಗೆ ಜಾಮ್ ಹಚ್ಚಿಕೊಳ್ಳುವಾಗ ಅಳು ಬರುತ್ತಿತ್ತು.

ಜುಲೈ ಕೊನೆಯಲ್ಲಿ ನಮ್ಮ ಶಾಖೆಯ ಕ್ಯಾಷಿಯರ್ ಒಬ್ಬರು ಲಲಿತಮ್ಮನವರ ಮನೆ ತೋರಿಸಿದರು. ಜಯನಗರದ ಒಂಬತ್ತನೇ ಬ್ಲಾಕಿನ ಒಂದು ಕ್ರಾಸಿನಲ್ಲಿ ಹಳೆಯ ಮನೆ. ಕಾರು ನಿಲ್ಲಿಸುವ ಜಾಗದಲ್ಲಿ ಎರಡು ಉದ್ದನೆಯ ಮೇಜು, ಬೆಂಚು. ಬೆಳಿಗ್ಗೆ ತಿಂಡಿ, ಸಂಜೆ ಏಳಕ್ಕೆ ಊಟ. ಹದಿನೈದು ಜನ ಕಾಯಂ ಗಿರಾಕಿಗಳು. ಲಲಿತಮ್ಮನಿಗೆ ಅರವತ್ತೈದು ವಯಸ್ಸು. ಗಂಡ ತೀರಿಕೊಂಡ ಮೇಲೆ ಶುರು ಮಾಡಿದ ಮೆಸ್ ಅದು. ಮಗಳು ವಿದ್ಯಾ ಶಾಲೆಯಲ್ಲಿ ಟೀಚರ್, ಅದೇ ಮನೆಯ ಮಹಡಿಯಲ್ಲಿ ವಾಸ. ಮೊದಲನೆಯ ದಿನ ಅನ್ನಕ್ಕೆ ಬಿಸಿ ಸಾರು ಹಾಕಿಸಿಕೊಂಡು ಒಂದು ತುತ್ತು ಬಾಯಿಗಿಟ್ಟೆ. ಬೆಂಗಳೂರಿಗೆ ಬಂದ ಮೇಲೆ ಅವತ್ತೇ ನನ್ನ ಹೊಟ್ಟೆ ತಣ್ಣಗಾಗಿದ್ದು.

ಲಲಿತಮ್ಮ ಅಡುಗೆಯ ರುಚಿ ನೋಡುತ್ತಿರಲಿಲ್ಲ. ದೇವರಿಗೆ ನೈವೇದ್ಯವಾಗದೆ ನಾಲಿಗೆಗೆ ತಾಗಿಸಬಾರದು ಎನ್ನುವುದು ಅವರ ಮನೆಯ ಪದ್ಧತಿ. ಉಪ್ಪು, ಹುಳಿ, ಖಾರ ಎಲ್ಲ ಕೈಯಳತೆ. ಮಡಿಯಲ್ಲಿ ಅಡುಗೆ ಮಾಡುತ್ತಿದ್ದ ಅವರು ಅಡುಗೆಮನೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. "ರುಚಿ ನೋಡ್ದೇ ಇಷ್ಟು ಕರೆಕ್ಟಾಗಿ ಹೇಗೆ ಮಾಡ್ತೀರ ಆಂಟಿ?" ಎಂದು ಹುಡುಗರು ಕೇಳಿದರೆ ನಕ್ಕು ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಬೇಗ ಹೋಗಿದ್ದೆ. ಗೇಟಿನ ಹತ್ತಿರಕ್ಕೇ ಹಾಲು ಸೀದ ವಾಸನೆ ಹೊಡೆಯಿತು. ನೋಡಿದರೆ ಲಲಿತಮ್ಮ ಅಡುಗೆಮನೆಯ ಬಾಗಿಲಲ್ಲೇ ಮಣೆಯ ಮೇಲೆ ಕೂತು ನಿಶ್ಚಿಂತೆಯಿಂದ ಹುರಳಿಕಾಯಿ ಬಿಡಿಸುತ್ತಿದ್ದಾರೆ. "ಅಮ್ಮಾ, ಹಾಲು!" ಎಂದು ನಾನು ಕಿರುಚಿದಾಗಲೇ ಅವರು ಎದ್ದಿದ್ದು. ಅದಾದ ವಾರಕ್ಕೆ ಚಟ್ನಿಯಲ್ಲಿ ಕಾಯಿಯ ಕಮಟು ವಾಸನೆ. ನನಗೋ ಬಾಯಿ ಸುಮ್ಮನಿರುವುದಿಲ್ಲ. ಹತ್ತು ಜನರ ಎದುರಿಗೇ, "ಏನಮ್ಮ ಇದು, ಕಾಯಿ ಕೆಟ್ಟು ಮೂರು ದಿನ ಆಗಿದೆ. ನಿಮಗೆ ವಾಸನೆ ಬರ್ಲಿಲ್ವಾ?" ಎಂದುಬಿಟ್ಟೆ.

ಅವರ ಮುಖ ಬಿಳಿಚಿಕೊಂಡಿತು. ಎಲ್ಲರೂ ಎದ್ದು ಹೋದ ಮೇಲೆ ನನ್ನ ಕೈ ಹಿಡಿದು, ಮಡಿಯನ್ನೂ ಮರೆತು, ಅಡುಗೆಮನೆಯೊಳಕ್ಕೆ ಎಳೆದುಕೊಂಡು ಹೋದರು.

"ಇಲ್ಲ ಗಿರಿಜಾ, ಬರ್ಲಿಲ್ಲ" ಎಂದರು. "ಹೋದ ವರ್ಷ ಆ ಕೊರೊನಾ ಬಂತಲ್ಲ, ಅವತ್ತಿಂದ ಮೂಗಿಗೆ ಏನೂ ಗೊತ್ತಾಗಲ್ಲ. ಮಲ್ಲಿಗೆ ಮುಡ್ಕೊಂಡ್ರೂ ಅಷ್ಟೆ, ಇಂಗು ಹಾಕಿದ್ರೂ ಅಷ್ಟೆ. ನಾಲಿಗೇನೂ ಸತ್ತುಹೋಗಿದೆ. ಕೈ ಅಭ್ಯಾಸದ ಮೇಲೆ ದಬ್ತಾ ಇದೀನಿ."

"ವಿದ್ಯಾಗೆ ಗೊತ್ತಾ?"

"ಅಯ್ಯೋ, ಅವಳಿಗೆ ಹೇಳ್ಬೇಡ ಕಣೇ. ಮೊದಲೇ ಮೆಸ್ ನಿಲ್ಸು, ನಿಲ್ಸು ಅಂತ ಜೀವ ತಿಂತಾಳೆ. ಇದು ಗೊತ್ತಾದ್ರೆ ನಾಳೇನೇ ಬೋರ್ಡ್ ಇಳಿಸ್ತಾಳೆ. ಈ ಒಲೆ ಆರಿಹೋದ್ರೆ ನಾನ್ಯಾಕಿರ್ಬೇಕು ಹೇಳು? ಟೀವಿ ಮುಂದೆ ಕೂತು ಕೊಳೀಬೇಕಾ?"

ಅರವತ್ತೈದರ ಹೆಂಗಸು ನನ್ನ ಎದುರು ಕಣ್ಣೀರು ಹಾಕುತ್ತಿದ್ದರು. ನನ್ನ ಅಂಗೈಯನ್ನು ಗಟ್ಟಿಯಾಗಿ ಹಿಡಿದು ಮಾತು ಕೊಡು ಎಂದರು. ಕೊಟ್ಟೆ.

ಅವತ್ತಿನಿಂದ ಅವರ ಮೂಗಿನ ಕೆಲಸ ನನ್ನದಾಯಿತು. ಬೆಳಿಗ್ಗೆ ಏಳಕ್ಕೆ ಎಲ್ಲರಿಗಿಂತ ಮುಂಚೆ ಹೋಗಿ ಹಾಲು, ಮೊಸರು, ಕಾಯಿ, ಎಣ್ಣೆ ಎಲ್ಲ ಮೂಸಿ ನೋಡುತ್ತಿದ್ದೆ. ನೈವೇದ್ಯವಾದ ಕೂಡಲೇ ಮೊದಲ ತಟ್ಟೆ ನನಗೆ. ಉಪ್ಪು ಕಮ್ಮಿ, ಹುಳಿ ಜಾಸ್ತಿ ಎಂದು ಹೇಳಿದರೆ ಅವರು ಸರಿ ಮಾಡಿಕೊಳ್ಳುತ್ತಿದ್ದರು. ಸಂಜೆ ಊಟ ಮುಗಿಸಿ ಹೊರಡುವಾಗ ಅಡುಗೆಮನೆಯಲ್ಲಿ ಒಂದು ನಿಮಿಷ ನಿಂತು, ಒಲೆಯ ಹತ್ತಿರ, ಸಿಲಿಂಡರಿನ ಹತ್ತಿರ ಬಗ್ಗಿ ನೋಡಿ, "ಏನೂ ಇಲ್ಲ, ಮಲ್ಕೊಳ್ಳಿ" ಎಂದು ಹೇಳಿ ಹೋಗುತ್ತಿದ್ದೆ. ಗ್ಯಾಸಿನ ಭಯ ನನಗೆ ಮೊದಲ ದಿನವೇ ಬಂದಿತ್ತು. ಸೋರಿದರೆ ಕೂಗಿಕೊಳ್ಳುವ ಅಲಾರಂ ಒಂದು ಸಿಗುತ್ತದೆ, ನಾನೇ ತಂದುಕೊಡುತ್ತೇನೆ ಎಂದೂ ಹೇಳಿದ್ದೆ. "ಬೇಡ ಬೇಡ, ಇದ್ದಕ್ಕಿದ್ದ ಹಾಗೆ ಇದ್ಯಾಕೆ ಅಂತ ವಿದ್ಯಾ ಕೇಳ್ತಾಳೆ. ನೀನಿದೀಯಲ್ಲ" ಎಂದರು. ನಾನು ಇನ್ನೊಂದು ಸಲ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎನ್ನುವುದನ್ನೂ ಬರೆದುಬಿಡುತ್ತೇನೆ. ಕೊಟ್ಟ ಮಾತು ಎನ್ನುವುದು ಅರ್ಧ ನಿಜ. ಇನ್ನರ್ಧ ನನ್ನ ಹೊಟ್ಟೆಪಾಡು. ವಿದ್ಯಾಗೆ ತಿಳಿದರೆ ಮೆಸ್ ಮುಚ್ಚುತ್ತದೆ, ಮೆಸ್ ಮುಚ್ಚಿದರೆ ನಾನು ಮತ್ತೆ ಆ ಸಿಹಿ ಸಾಂಬಾರಿಗೆ, ಬ್ರೆಡ್ಡು ಜಾಮಿಗೆ ಹೋಗಬೇಕು. ಬಿಸಿಬಿಸಿ ಅಕ್ಕಿರೊಟ್ಟಿ ಮುರಿಯುವಾಗ ಈ ಲೆಕ್ಕಾಚಾರ ಮನಸ್ಸಿನಲ್ಲಿ ಬಂದು ಹೋಗುತ್ತಿತ್ತು. ಆ ಮನೆಯಲ್ಲಿ ನನಗೆ ಒಂದು ಸ್ಥಾನ ಸಿಕ್ಕಿದೆ ಎನ್ನುವ ಹೆಮ್ಮೆಯೂ ಇತ್ತು. ವಿದ್ಯಾ ಎದುರು ಸಿಕ್ಕಾಗಲೆಲ್ಲ "ಅಕ್ಕ, ಅಮ್ಮ ಈಗೀಗ ಸ್ವಲ್ಪ ಮರೀತಾಳೆ, ನೋಡ್ಕೊಳ್ಳಿ" ಎನ್ನುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ.

2023ರ ಫೆಬ್ರವರಿಯಲ್ಲಿ ನಾದಿನಿಯ ಮಗಳ ಮದುವೆಗೆ ನಾಲ್ಕು ದಿನ ಊರಿಗೆ ಹೋಗಬೇಕಾಯಿತು. "ನಾಲ್ಕು ದಿನ ಮೆಸ್ ಮುಚ್ಚಿಬಿಡಿ ಅಮ್ಮ" ಎಂದೆ. "ಹುಡುಗರು ಎಲ್ಲಿಗೆ ಹೋಗ್ತಾರೆ ಪಾಪ? ಚಿತ್ರಾನ್ನ, ಉಪ್ಪಿಟ್ಟು ಮಾಡಿ ಸಂಭಾಳಿಸ್ತೀನಿ. ನೀನು ನೆಮ್ಮದಿಯಾಗಿ ಹೋಗಿ ಬಾ" ಎಂದರು. ನಾಲ್ಕು ದಿನ ತಾನೇ ಎಂದುಕೊಂಡು ಬಸ್ ಹತ್ತಿದೆ.

ಮೂರನೆಯ ದಿನ ಮುಹೂರ್ತ ಮುಗಿದು ಊಟಕ್ಕೆ ಕೂತಿದ್ದೆ. ಕ್ಯಾಷಿಯರ್ ಫೋನ್ ಮಾಡಿದರು. "ಮೇಡಂ, ಲಲಿತಮ್ಮನವರ ಮನೇಲಿ ಗ್ಯಾಸ್ ಬ್ಲಾಸ್ಟ್ ಆಗೋಯ್ತು. ಅವರನ್ನ ಆಸ್ಪತ್ರೆಗೆ ಸೇರಿಸಿದಾರೆ." ಎಲೆಯ ಮೇಲೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಕೈ ತೊಳೆದು ಎದ್ದೆ.

ನಡೆದದ್ದು ಇಷ್ಟು. ಹಿಂದಿನ ಸಂಜೆ ಗ್ಯಾಸ್ ಖಾಲಿಯಾಗಿ ಲಲಿತಮ್ಮನೇ ಹೊಸ ಸಿಲಿಂಡರ್ ಜೋಡಿಸಿದ್ದರು. ವಾಷರ್ ಸರಿಯಾಗಿ ಕೂತಿರಲಿಲ್ಲವಂತೆ. ಸೊಳ್ಳೆ ಬರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಬೆಳಿಗ್ಗೆ ಐದೂವರೆಗೆ ಸ್ನಾನ ಮಾಡಿ, ಮಡಿಯುಟ್ಟು, ಒಲೆ ಹಚ್ಚಲು ಒಳಗೆ ಹೋಗಿದ್ದಾರೆ. ವಿದ್ಯಾ ಮಹಡಿಯಲ್ಲಿ ಮಲಗಿದ್ದಳು. ಹಾಲು ತರಲು ಹೊರಟ ಪಕ್ಕದ ಮನೆಯವರಿಗೆ ರಸ್ತೆಯಲ್ಲೇ ವಾಸನೆ ಬಡಿದು, ಗೇಟು ತಟ್ಟಿ ಕೂಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಬೆಂಗಳೂರಿನಲ್ಲೇ ಇದ್ದಿದ್ದರೆ ಹಿಂದಿನ ಸಂಜೆಯೇ ನನಗೆ ತಿಳಿದಿರುತ್ತಿತ್ತು. ಅದಕ್ಕಿಂತ ಮುಖ್ಯ, ವಿದ್ಯಾಗೆ ಗೊತ್ತಿದ್ದಿದ್ದರೆ ಅವಳು ತಾಯಿಯ ಕೈಗೆ ಸಿಲಿಂಡರ್ ಕೊಡುತ್ತಲೇ ಇರಲಿಲ್ಲ.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ಸುಟ್ಟ ಗಾಯದವರ ವಾರ್ಡಿನಲ್ಲಿ ಕಾಲಿಗೆ ಚೀಲ, ಬಾಯಿಗೆ ಮಾಸ್ಕ್ ಹಾಕಿ ಒಳಗೆ ಬಿಟ್ಟರು. ಲಲಿತಮ್ಮನ ಎರಡೂ ಕೈಗಳಿಗೆ ಮೊಣಕೈಯವರೆಗೆ ಬ್ಯಾಂಡೇಜು, ಎದೆಗೂ ಬ್ಯಾಂಡೇಜು. ಮುಖ ಊದಿಕೊಂಡು ಗುರುತು ಸಿಗುತ್ತಿರಲಿಲ್ಲ. ಕಣ್ಣು ಮುಚ್ಚಿದ್ದರು. ಪಕ್ಕದಲ್ಲಿ ನಿಂತಿದ್ದ ವಿದ್ಯಾ ನನ್ನನ್ನು ಕಂಡು ಬಿಕ್ಕಿ ಬಿಕ್ಕಿ ಅತ್ತಳು.

"ರೋಡಲ್ಲಿ ಇದ್ದೋರಿಗೆ ವಾಸನೆ ಬಂದಿದೆ ಅಕ್ಕ, ಒಳಗಿದ್ದ ಅಮ್ಮನಿಗೆ ಬಂದಿಲ್ಲ. ಡಾಕ್ಟರ್ ಕೇಳ್ತಾರೆ, ಇವರಿಗೆ ಮುಂಚಿಂದ ವಾಸನೆ ಬರ್ತಿರ್ಲಿಲ್ವಾ ಅಂತ. ನೀವು ದಿನಾ ಜೊತೇಲಿ ಇರ್ತಿದ್ರಲ್ಲ, ನಿಮಗೇನಾದ್ರೂ ಗೊತ್ತಿತ್ತಾ?"

ಹೇಳಬೇಕಾದ ಹೊತ್ತು ಅದೇ. ಕೊಟ್ಟ ಮಾತು ಕಾಪಾಡಿಕೊಂಡು ಆಗಬೇಕಾದ್ದು ಇನ್ನೇನೂ ಉಳಿದಿರಲಿಲ್ಲ. ಅವಳ ಮುಖ ನೋಡಿದೆ, ಆಮೇಲೆ ನೆಲ ನೋಡಿದೆ.

"ಇಲ್ಲ" ಎಂದೆ.

ಆಗ ಲಲಿತಮ್ಮ ಕಣ್ಣು ಬಿಟ್ಟರು. ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದೆ, ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಕಡೆ ನೋಡಲಿಲ್ಲ. ಮಗಳನ್ನೇ ನೋಡುತ್ತ, ತಡೆತಡೆದು, "ಅವಳಿಗೇನು ಗೊತ್ತು ಪಾಪ. ಕೊರೊನಾ ಬಂದಾಗ್ಲೇ ಮೂಗು ಹೋಯ್ತು ಕಣೇ. ನಾನೇ ಯಾರಿಗೂ ಹೇಳ್ಲಿಲ್ಲ" ಎಂದರು. ವಿದ್ಯಾ ಅಲ್ಲೇ ಕುಸಿದು ಕೂತಳು. ಆ ಘಳಿಗೆಯಲ್ಲಾದರೂ ಬಾಯಿ ಬಿಡಬಹುದಿತ್ತು. ಹತ್ತು ಜನರ ಎದುರು ಚಟ್ನಿಗೆ ಹೆಸರಿಡುವ ನನ್ನ ಬಾಯಿಗೆ ಅವತ್ತು ಬೀಗ ಬಿದ್ದಿತ್ತು. ನರ್ಸ್ ಬಂದು ಹೊರಗೆ ಕಳಿಸಿದರು. ಒಂಬತ್ತನೆಯ ದಿನ ಲಲಿತಮ್ಮ ತೀರಿಕೊಂಡರು.

ವೈಕುಂಠ ಸಮಾರಾಧನೆಯ ದಿನ ವಿದ್ಯಾ ನನ್ನನ್ನು ಒಂದು ಪಕ್ಕಕ್ಕೆ ಕರೆದುಕೊಂಡು ಹೋದಳು. "ನೀವು ಹೊರಗಿನವರಾಗಿ ಅಮ್ಮನ್ನ ಅಷ್ಟು ಚೆನ್ನಾಗಿ ನೋಡ್ಕೊಂಡ್ರಿ ಅಕ್ಕ. ಒಂದೇ ಮನೇಲಿದ್ದು ನನಗೇ ಗೊತ್ತಾಗ್ಲಿಲ್ವಲ್ಲ. ಎರಡು ವರ್ಷ! ಎಂಥ ಮಗಳು ನಾನು?" ಎಂದು ನನ್ನ ಹೆಗಲಿಗೆ ತಲೆಯಿಟ್ಟಳು. ನಾನು ಅವಳ ಬೆನ್ನು ಸವರಿದೆ. ಸಮಾಧಾನ ಹೇಳಿದೆ. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಈಗ ನಾನು ವರ್ಗ ಮಾಡಿಸಿಕೊಂಡು ಊರಿಗೆ ವಾಪಸಾಗಿದ್ದೇನೆ. ವಿದ್ಯಾ ಹಬ್ಬ ಹರಿದಿನಕ್ಕೆ ಫೋನ್ ಮಾಡುತ್ತಾಳೆ. ಕೆಳಗಿನ ಮನೆಗೆ ಬೀಗ ಹಾಕಿದ್ದಾಳೆ. ತಾಯಿಗೆ ವಾಸನೆ ತಿಳಿಯದಿದ್ದದ್ದು ಒಂದೇ ಮನೆಯಲ್ಲಿದ್ದೂ ಕಣ್ಣಿಗೆ ಬೀಳಲಿಲ್ಲ ಎಂದು ತನ್ನನ್ನು ತಾನೇ ಹಳಿದುಕೊಳ್ಳುವುದನ್ನು ಅವಳು ಬಿಟ್ಟಿಲ್ಲ. ಕಳೆದ ಯುಗಾದಿಗೆ ಮಾತಾಡುವಾಗ, "ನಿದ್ದೆ ಬರಲ್ಲ ಅಕ್ಕ, ಮಾತ್ರೆ ತಗೋತಿದೀನಿ" ಎಂದಳು. ಪ್ರತಿ ಸಲವೂ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತೇನೆ, "ಆರೋಗ್ಯ ನೋಡ್ಕೋಮ್ಮ" ಎಂದು ಫೋನ್ ಇಡುತ್ತೇನೆ. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಇದನ್ನು ಬರೆದೆ. ಅವಳ ವಿಳಾಸಕ್ಕೆ ಒಂದು ಪ್ರತಿಯನ್ನು ಈ ದಿನವೇ ಅಂಚೆಗೆ ಹಾಕುತ್ತಿದ್ದೇನೆ.

ವಿದ್ಯಾ, ಆಸ್ಪತ್ರೆಯಲ್ಲಿ ನೀನು ಕೇಳಿದೆಯಲ್ಲ, ನನಗೆ ಗೊತ್ತಿತ್ತು. ಐದು ತಿಂಗಳಿಂದ ಗೊತ್ತಿತ್ತು.