ಹಗ್ಗ ತಡೆಯುವ ಚಕ್ರ

ಬೆಳಕು ಇನ್ನೂ ಊರಿಗೆ ಇಳಿದಿಲ್ಲ. ಘಾಟಿಯ ನೆತ್ತಿ ಮಾತ್ರ ಕೆಂಪಗಾಗಿದೆ. ಇಜ್ಜಾ ಎಂಬ ಹೆಂಗಸು ತಮ್ಮ ರಿಪೇರಿ ಅಂಗಡಿಯ ಬಾಗಿಲಲ್ಲಿ ಸೈಕಲ್ಲಿನ ಹಿಂಬದಿ ಚಕ್ರವೊಂದನ್ನು ಮರದ ಕವಲಿಗೆ ಸಿಕ್ಕಿಸಿ ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ, ಬೆರಳ ಗೆಣ್ಣಿನಿಂದ ರಿಮ್ಮಿನ ಅಂಚನ್ನು ಸುತ್ತಲೂ ಬಡಿಯುತ್ತ ಬರುತ್ತಾರೆ. ಟಕ್, ಟಕ್, ಟಕ್. ಒಂದು ಕಡೆ ಸದ್ದು ಮಂಕಾಗುತ್ತದೆ. ಎದ್ದು ಹೊರಗೆ ಹೋಗಿ ದಾರಿ ನೋಡುತ್ತಾರೆ. ಒಲೆಯ ಮೇಲಿನ ಚಹಾ ಪಾತ್ರೆಗೆ ನೀರು ಹಾಕುತ್ತಾರೆ, ಆಗಲೇ ಹಾಕಿದ್ದನ್ನು ಮರೆತು. ಮತ್ತೆ ಬಂದು ಅದೇ ಜಾಗ ಬಡಿಯುತ್ತಾರೆ. ಮತ್ತೆ ಮಂಕು.

“ನಿನ್ನೆ ಸಂಜೆಯಿಂದ ಹೀಗೇ,” ಎನ್ನುತ್ತಾರೆ. “ಈ ಸಲ ಸರಿಯಾಗಿ ಕೇಳಿಸಬಹುದು ಅಂತ ಬಡಿಯೋದು. ಬಿರುಕು ಏನು ನೆಗಡಿಯಾ, ಮಲಗೆದ್ರೆ ಹೋಗೋಕೆ?”

ಚಕ್ರ ಕಾರ್ಬನ್ ನಾರಿನದು. ಘಾಟಿಯಿಂದ ಪ್ರವಾಸಿಗರನ್ನು ಸೈಕಲ್ ಮೇಲೆ ಇಳಿಸಿಕೊಂಡು ಬರುವ ಮಾರ್ಗದರ್ಶಿಗಳಲ್ಲಿ ಯೂಬಾ ಎಂಬ ಹುರುಪಿನ ಹುಡುಗನೊಬ್ಬನಿದ್ದಾನೆ, ಅವನದು. ಕಳೆದ ಶರತ್ಕಾಲದಲ್ಲಿ ಮರ್ರಾಕೇಶಿಗೆ ಹೋಗಿ ಜೋಡಿ ಚಕ್ರ ತಂದ. ಬೆಲೆ ಒಂದು ಒಳ್ಳೆಯ ಹೇಸರಗತ್ತೆಯಷ್ಟು. ಅಟ್ಲಾಸ್ ಬೆಟ್ಟದ ಈ ಮಗ್ಗುಲಲ್ಲಿ ದುಬಾರಿ ವಸ್ತುಗಳಿಗೆಲ್ಲ ಅದೇ ಅಳತೆ. ನಾಡಿದ್ದು ಘಾಟಿಯಿಂದ ಊರಿಗೆ ವರ್ಷದ ಸೈಕಲ್ ಓಟ. ಮೊದಲು ತಲುಪಿದವನೇ ಈ ಹಂಗಾಮಿಗೆ ಮುಖ್ಯ ಮಾರ್ಗದರ್ಶಿ ಎಂದು ಪ್ರವಾಸ ಕಂಪನಿ ಹೇಳಿದೆ. ಸಣ್ಣ ಡೊಂಕು ತೆಗೆಸಲು ಯೂಬಾ ಚಕ್ರ ಬಿಟ್ಟುಹೋಗಿದ್ದಾನೆ. ಇವತ್ತು ಬೆಳಿಗ್ಗೆ ಬರುತ್ತಾನೆ.

ಡೊಂಕು ಹುಡುಕುವಾಗ ಇಜ್ಜಾ ಕಂಡದ್ದು ಬಿರುಕನ್ನು. ಬಿರುಕಿನ ಮೇಲೆ, ಬಣ್ಣದ ಪೊರೆಯಲ್ಲಿ, ಹುರಿ ಹೊಸೆದ ಹಗ್ಗದ ಅಚ್ಚು.

ಇಲ್ಲಿ ಸೈಕಲ್ಲುಗಳು ಘಾಟಿ ಏರುವುದು ಹೇಸರಗತ್ತೆಯ ಬೆನ್ನ ಮೇಲೆ. ಎರಡೂ ಪಕ್ಕಕ್ಕೆ ಒಂದೊಂದು. ಚಕ್ರದೊಳಗಿನಿಂದ ಹಗ್ಗ ತೂರಿಸಿ, ಹೊರೆಗೆ ಕಾಲು ಕೊಟ್ಟು, ಮೈ ಹಿಂದಕ್ಕೆ ವಾಲಿಸಿ ಎಳೆದು ಬಿಗಿಯುತ್ತಾರೆ. ಬಾರ್ಲಿ ಚೀಲವನ್ನೂ ಗ್ಯಾಸ್ ಸಿಲಿಂಡರನ್ನೂ ಒಮ್ಮೆ ಮದುವಣಗಿತ್ತಿಯ ಫ್ರಿಜ್ಜನ್ನೂ ಹೀಗೆಯೇ ಕಟ್ಟಿದ್ದಾರೆ. ಹಗ್ಗದ ಬಿಗಿತಕ್ಕೆ ರಿಮ್ಮು ಜೀನಿನ ಮರದ ಅಂಚಿಗೆ ಒತ್ತಿಕೊಳ್ಳುತ್ತದೆ. ಅಲ್ಯೂಮಿನಿಯಂ ಆದರೆ ಒಂದಿಷ್ಟು ಬಾಗುತ್ತದೆ, ಇಜ್ಜಾ ಮತ್ತೆ ನೆಟ್ಟಗೆ ಮಾಡುತ್ತಾರೆ. “ನನ್ನ ಅರ್ಧ ರೊಟ್ಟಿ ಬಂದಿದ್ದೇ ಆ ಹಗ್ಗದಿಂದ,” ಎಂದು ನಗುತ್ತಾರೆ. ಕಾರ್ಬನ್ ಬಾಗುವುದಿಲ್ಲ. ಅದರ ಬಲ ನಾರು ಹಾಸಿದ ದಿಕ್ಕಿನಲ್ಲಿರುತ್ತದೆ. ಕೆಳಗಿನಿಂದ ಬಂದ ಕಲ್ಲಿನ ಪೆಟ್ಟನ್ನು ಚೆನ್ನಾಗಿ ತಾಳಿಕೊಳ್ಳುವ ಅದೇ ರಿಮ್ಮು, ಪಕ್ಕದಿಂದ ಒಂದೇ ಬಿಂದುವಿನಲ್ಲಿ ಹಿಸುಕಿದರೆ ಒಳಗೊಳಗೇ ಪದರ ಬಿಡುತ್ತದೆ. ಹೊರಗೆ ಕೂದಲೆಳೆಯಷ್ಟೇ ಕಾಣುತ್ತದೆ.

ಹಗ್ಗ ಕಟ್ಟಿದವನು ಬೆಲ್ಲೈದ್, ಇಜ್ಜಾರ ತಮ್ಮ. ಘಾಟಿಯ ಹಿಂಬದಿಗೆ ಈಚೆಗೆ ಮಣ್ಣಿನ ರಸ್ತೆ ಬಂದಿದೆ. ಪಿಕಪ್ ಗಾಡಿಯವನೊಬ್ಬ ಚೌಕದಲ್ಲಿ ನಿಂತು ಸೈಕಲ್ಲುಗಳನ್ನು ಕೂಗಿ ಕರೆಯುತ್ತಾನೆ. ಮಾರ್ಗದರ್ಶಿಗಳು ಇನ್ನೂ ಬೆಲ್ಲೈದನ ಹೇಸರಗತ್ತೆಗಳನ್ನು ಬಿಟ್ಟಿಲ್ಲ. ಗಾಡಿ ನಿಲ್ಲುವ ಕಡೆಯಿಂದ ನೆತ್ತಿಗೆ ಹೇಗೂ ಸೈಕಲ್ ಹೊರಬೇಕು, ಮೇಲಾಗಿ ಅವನು ಎಲ್ಲರಿಗೂ ಒಂದಲ್ಲ ಒಂದು ರೀತಿ ನೆಂಟ. ಆದರೆ ಹಗ್ಗ ಚಕ್ರ ಒಡೆಯಿತು ಎಂಬ ಮಾತು ಹೊರಬಿದ್ದರೆ?

“ಕಲ್ಲು ಅಂದ್ರೆ ಮುಗೀತು,” ಇಜ್ಜಾ ಮತ್ತೆ ಬಾಗಿಲಿಗೆ ಹೋಗಿ ಬರುತ್ತಾರೆ. “ಘಾಟಿ ತುಂಬ ಕಲ್ಲು. ಯಾವ ಕಲ್ಲೂ ಬಂದು ನಾನಲ್ಲ ಅಂತ ಜಗಳ ಆಡಲ್ಲ.”

ಇಜ್ಜಾರಿಗೆ ಐವತ್ತು ದಾಟಿದೆ. ತಂದೆ ಸಂತೆಗೆ ಬರುವವರ ಸೈಕಲ್ ರಿಪೇರಿ ಮಾಡುತ್ತಿದ್ದರು, ಮಗಳಾದ ಇಜ್ಜಾ ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು. ತಂದೆಯ ಕಣ್ಣು ಮಸುಕಾದಾಗ ಚಕ್ರದ ಕೆಲಸ ಮಗಳ ಕೈಗೆ ಬಂತು. ಚಕ್ರ ನಿಲ್ಲಿಸುವ ಈ ಕವಲು ಆ ಮಗ್ಗದ ತೊಲೆಯಿಂದಲೇ ಕಡಿದದ್ದು. “ಗಂಡಸರು ಸೈಕಲ್ ಕೊಟ್ಟು ‘ನಿಮ್ಮಪ್ಪ ಎಲ್ಲಿ’ ಅಂತಿದ್ರು. ಅಪ್ಪ ತೀರಿಕೊಂಡು ವರ್ಷ ಆದ ಮೇಲೂ ಕೇಳೋರು. ‘ಒಳಗೆ ಚಹಾ ಕುಡೀತಿದಾನೆ’ ಅಂದುಬಿಡ್ತಿದ್ದೆ. ಸಮಾಧಾನವಾಗಿ ಹೋಗೋರು.”

ಈಗ ಹಂಗಾಮಿನಲ್ಲಿ ದಿನಕ್ಕೆ ನಾಲ್ಕೈದು ಚಕ್ರ. ಹೆಬ್ಬೆರಳಿನ ತುದಿ ಸೀಳಿಕೊಂಡೇ ಇರುತ್ತದೆ, ರಾತ್ರಿ ಆಲಿವ್ ಎಣ್ಣೆ ಸವರುತ್ತಾರೆ. ಸ್ಪೋಕ್ ಕಡ್ಡಿಗಳನ್ನು ಮೀಟಿ ನಾದ ಕೇಳುತ್ತಾರೆ, ಆಮೇಲೆ ಬಿಗಿತ ಅಳೆಯುವ ಸಣ್ಣ ಉಪಕರಣವನ್ನೂ ಇಡುತ್ತಾರೆ. ಕಿವಿಯೊಂದೇ ಸಾಲದು, ಬಿಗಿತ ನಾಲ್ಕು ಪಟ್ಟಾದರೆ ನಾದ ಏರುವುದು ಎರಡೇ ಪಟ್ಟು, ಸಣ್ಣ ವ್ಯತ್ಯಾಸಗಳು ಅದರಲ್ಲಿ ಅಡಗಿಬಿಡುತ್ತವೆ. “ಗಾಳಿ ಬೀಸೋ ದಿನ ನನ್ನ ಕಿವಿ ಸುಳ್ಳು ಹೇಳುತ್ತೆ,” ಎನ್ನುತ್ತಾರೆ ಇಜ್ಜಾ.

ಮೊದಲು ಬರುವುದು ಬೆಲ್ಲೈದ್. ಹೇಸರಗತ್ತೆಯನ್ನು ಗೂಟಕ್ಕೆ ಕಟ್ಟಿ, ರೊಟ್ಟಿ ಮುರಿದು ಎಣ್ಣೆಗೆ ಅದ್ದುತ್ತಾನೆ. ಇಜ್ಜಾ ಅವನ ಹೆಗಲ ಹಗ್ಗವನ್ನು ತೆಗೆದು ರಿಮ್ಮಿನ ಅಚ್ಚಿನ ಮೇಲಿಡುತ್ತಾರೆ. ಹುರಿಗೆ ಹುರಿ ಕೂರುತ್ತದೆ.

ಬೆಲ್ಲೈದ್ ಅಗಿಯುವುದನ್ನು ನಿಲ್ಲಿಸುತ್ತಾನೆ. “ಕಾಲು ಕೊಟ್ಟು ಎಳೆದೆ. ಇನ್ನೇನು, ಮುದ್ದು ಮಾಡ್ಲಾ? ಎಳೀದಿದ್ರೆ ಮೂರನೇ ತಿರುವಲ್ಲಿ ಹೊರೆ ಜಾರುತ್ತೆ.”

“ನೀನು ತಪ್ಪು ಕಟ್ಟಿದೆ ಅನ್ಲಿಲ್ಲ ನಾನು.”

“ಹಗ್ಗ ತಡೀದ ಚಕ್ರ ಕಲ್ಲು ತಡೆಯುತ್ತಾ, ಅಕ್ಕಾ? ನಾಲ್ಕು ಕಾಲಿರೋದನ್ನ ತಗೊಳ್ಳೋ ದುಡ್ಡಲ್ಲಿ ಎರಡು ಬಳೆ ತಂದಿದ್ದಾನೆ. ಕಲ್ಲು ಅಂತ ಹೇಳು, ಮುಗಿಸು.”

ಇಜ್ಜಾ ಕಡ್ಡಿಗಳ ಡಬ್ಬಿ ತೆಗೆಯುತ್ತಾರೆ, ಮುಚ್ಚುತ್ತಾರೆ. ಕಡ್ಡಿ ಬಿಗಿಯುವ ಕೀಲಿಯನ್ನು ಈ ಕೈಯಿಂದ ಆ ಕೈಗೆ ದಾಟಿಸುತ್ತಾರೆ. ಯೂಬಾ ದಾರಿಯಿಂದಲೇ, ಇಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ, ಕೂಗುತ್ತಾನೆ: “ಲಾಲ್ಲಾ ಇಜ್ಜಾ, ನನ್ನ ಮದುಮಗಳು ಸಿದ್ಧವಾದ್ಲಾ?”

“ಬಾ, ಕೂತ್ಕೋ. ಚಹಾ ಕುಡಿ.”

“ಚಹಾ ಮೊದಲು ಅಂದ್ರೆ ಕೆಟ್ಟ ಸುದ್ದಿ.” ಅವನು ಕೂರುವುದಿಲ್ಲ. ಇಜ್ಜಾ ಬಡಿದು ತೋರಿಸುತ್ತಾರೆ. ಅವನೂ ಬಡಿದು ನೋಡುತ್ತಾನೆ. ಮುಖ ಇಳಿಯುತ್ತದೆ. “ಮೊನ್ನೆ ಆ ಬಿಳಿ ಬಂಡೆಗೆ ತಾಗಿತ್ತು. ಅದೇ ಇರಬೇಕು, ಅಲ್ವಾ?”

ಬೆಲ್ಲೈದ್ ಹೇಸರಗತ್ತೆಯ ಕಿವಿಯನ್ನೇ ನೋಡುತ್ತಾನೆ. ಚೌಕದಲ್ಲಿ ಪಿಕಪ್ಪಿನ ಹಾರ್ನ್ ಕೇಳುತ್ತದೆ.

“ಬಂಡೆ ಅಲ್ಲ,” ಎನ್ನುತ್ತಾರೆ ಇಜ್ಜಾ. “ಹಗ್ಗ. ನಮ್ಮವನ ಹಗ್ಗ.”

ಬೆಲ್ಲೈದ್ ರೊಟ್ಟಿಯನ್ನು ತಟ್ಟೆಗೆ ಹಾಕಿ ಎದ್ದು ಹೊರಗೆ ಹೋಗುತ್ತಾನೆ. “ನನ್ನ ಅರ್ಧ ಹೇಸರಗತ್ತೆ ಸತ್ತುಹೋಯ್ತು,” ಎನ್ನುತ್ತಾನೆ ಯೂಬಾ. “ನಿಜ ಹೇಳು ಲಾಲ್ಲಾ, ನಾನು ದಂಡ ಖರ್ಚು ಮಾಡಿದ್ನಾ?”

ಈ ಪ್ರಶ್ನೆ ಘಾಟಿಯ ಸುತ್ತಲಿನ ಸೈಕಲ್ಲಿನವರೆಲ್ಲ ಕೇಳುವುದೇ. ಚಕ್ರ ಹಗುರಾದರೆ ವೇಗ ಎಂದು ನಂಬುತ್ತಾರೆ. ಒಂದೇ ವೇಗದಲ್ಲಿ ಏರುವಾಗ ರಿಮ್ಮಿನ ನೂರು ಗ್ರಾಂ, ನೀರಿನ ಬಾಟಲಿಯ ನೂರು ಗ್ರಾಂ, ಎರಡೂ ಒಂದೇ. ವೇಗ ಹೆಚ್ಚಿಸುವಾಗ ಮಾತ್ರ ರಿಮ್ಮಿನ ತೂಕ ಹೆಚ್ಚು ಕಡಿಮೆ ಎರಡರಷ್ಟಾಗಿ ಕಾಡುತ್ತದೆ. ತಿರುವಿಗೊಮ್ಮೆ ಬ್ರೇಕ್ ಹಿಡಿದು ಮತ್ತೆ ತುಳಿಯುವ ದಾರಿಯಲ್ಲಿ ಅದು ಕಾಲಿಗೆ ತಿಳಿಯುತ್ತದೆ. ಗಡಿಯಾರಕ್ಕೆ ತಿಳಿಯುವುದು ಅನುಮಾನ.

ಇಜ್ಜಾ ಅಷ್ಟು ದೂರ ಹೋಗುವುದಿಲ್ಲ. “ನಾನು ಘಾಟಿಯಿಂದ ಸೈಕಲ್ ಇಳಿಸಿದವಳಲ್ಲ. ಕೈ ಅದುರೋದು ಕಮ್ಮಿ ಆಯ್ತು ಅಂದಿದ್ದೆ ನೀನು, ಅದು ಸುಳ್ಳಿರಲಿಕ್ಕಿಲ್ಲ. ನೋಡು, ನಿನ್ನ ದುಡ್ಡು ಎರಡು ಕಡೆ ಇದೆ. ಅರ್ಧ ಇಲ್ಲಿ,” ಎಂದು ಚಕ್ರದ ನಡುವಿನ ಹಬ್ಬನ್ನು ತಿರುಗಿಸುತ್ತಾರೆ, ತುಳಿದ ಕೂಡಲೇ ಕಚ್ಚಿಕೊಳ್ಳುವ ಹಲ್ಲುಗಳು ಸಣ್ಣಗೆ ಗುರುಗುಡುತ್ತವೆ. “ಇದು ಒಳ್ಳೇದು. ಹತ್ತು ವರ್ಷ ಬರುತ್ತೆ. ಇನ್ನರ್ಧ ರಿಮ್ಮು. ಇದೂ ಒಳ್ಳೇದೇ, ನಮ್ಮೂರಿನ ಹಗ್ಗಕ್ಕಲ್ಲ. ನನ್ನ ಕೇಳಿದ್ದಿದ್ರೆ ಮೊದಲು ಟೈರ್ ಬದಲಾಯಿಸು ಅಂತಿದ್ದೆ. ನಿನ್ನ ಟೈರ್ ನಮ್ಮಪ್ಪನ ತಲೆ ಇದ್ದ ಹಾಗಿದೆ.”

ಯೂಬಾನಿಗೆ ನಗು ಬಂದುಬಿಡುತ್ತದೆ, ಸಿಟ್ಟಿನ ನಡುವೆಯೇ.

ಇಜ್ಜಾ ಹಬ್ಬನ್ನು ಬಿಡಿಸಿ, ಗೋಡೆಯ ಮೇಲಿದ್ದ ಅಲ್ಯೂಮಿನಿಯಂ ರಿಮ್ಮಿಗೆ ಕಟ್ಟಲು ಶುರು ಮಾಡುತ್ತಾರೆ. ಹಳೆಯ ಕಡ್ಡಿಗಳು ಗಿಡ್ಡ. ಡಬ್ಬಿಯಿಂದ ಉದ್ದದವನ್ನು ಆರಿಸಬೇಕು. ಒಂದರ ಮೇಲೊಂದು ಹೆಣೆಯುತ್ತ ಹೋದಂತೆ ಮುಂಜಾನೆಯಿಂದ ನಿಲ್ಲದ ಕಾಲುಗಳು ನಿಲ್ಲುತ್ತವೆ, ಆದರೆ ಕಣ್ಣು ಬಾಗಿಲ ಕಡೆ ಹೋಗುವುದು ತಪ್ಪುವುದಿಲ್ಲ. ತಮ್ಮ ಹೊರಗೆ ಖಾಲಿ ಜೀನಿಗೆ ಹಗ್ಗ ಸುತ್ತುತ್ತಾನೆ, ಬಿಚ್ಚುತ್ತಾನೆ. ಕೊನೆಗೆ ಇಜ್ಜಾ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಡಿದು ಹಿಸುಕುತ್ತಾರೆ. ಪಿಣ್, ಪಿಣ್ ಎಂದು ತಿರುಚಿದ್ದೆಲ್ಲ ಸಡಿಲವಾಗುತ್ತದೆ. ಮತ್ತೆ ಬಿಗಿ, ಮತ್ತೆ ಹಿಸುಕು, ಸದ್ದು ನಿಲ್ಲುವ ತನಕ.

ಚಕ್ರ ಸೈಕಲ್ಲಿಗೆ ಕೂತಾಗ ಬಿಸಿಲು ಚೌಕದ ತನಕ ಬಂದಿದೆ. ಪಿಕಪ್ಪಿನವನು ಕಿಟಕಿಯಿಂದ ಕೈ ಬೀಸುತ್ತಾನೆ. “ಬಾ ಯೂಬಾ, ನನ್ನ ಹತ್ರ ಹಗ್ಗವೇ ಇಲ್ಲ.” ಸುದ್ದಿ ಆಗಲೇ ಅಲ್ಲಿಗೆ ತಲುಪಿದೆ.

ಯೂಬಾ ಗಾಡಿ ನೋಡುತ್ತಾನೆ, ಹೇಸರಗತ್ತೆ ನೋಡುತ್ತಾನೆ. ಬೆಲ್ಲೈದ್ ಅವನನ್ನು ನೋಡುವುದಿಲ್ಲ, ಅಕ್ಕನನ್ನಂತೂ ನೋಡುವುದೇ ಇಲ್ಲ. ಯೂಬಾ ಸೈಕಲ್ಲನ್ನು ಎತ್ತಿ ಜೀನಿಗೆ ಒರಗಿಸುತ್ತಾನೆ.

“ಕಟ್ಟು ಮಾವ, ಓಟಕ್ಕೆ ಮೊದಲು ಒಮ್ಮೆ ಇಳಿದು ನೋಡ್ಬೇಕು. ಮುಂದಿನ ಚಕ್ರ ಇನ್ನೂ ಕಾರ್ಬನ್ನೇ, ಅದನ್ನ ಬಿಚ್ಚಿ ನಾನು ಬೆನ್ನಿಗೆ ಹಾಕ್ಕೋತೀನಿ. ಹಿಂದಿನ ಚಕ್ರಕ್ಕೂ ಕಾಲು ಮಾತ್ರ ಕೊಡಬೇಡ.”

“ಕಾಲು ಕೊಡದೆ ಕಟ್ಟಿದ್ರೆ ಹತ್ತಿ ಚೀಲಾನೂ ನಿಲ್ಲಲ್ಲ,” ಎಂದು ಬೆಲ್ಲೈದ್ ಹಗ್ಗ ಹಿಡಿದು ನಿಲ್ಲುತ್ತಾನೆ.

ಇಜ್ಜಾ ಅಂಗಡಿಯಿಂದ ಹೊರಬಂದು ಹೆಬ್ಬೆರಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾರೆ.

“ಕೊಡು ಕಾಲು,” ಎನ್ನುತ್ತಾರೆ ತಮ್ಮನಿಗೆ. “ಇದು ನಾನು ಕಟ್ಟಿದ ಚಕ್ರ. ಎಳಿ.”